ಸಸಿ ಬೆಳ್ಳಗೆ ಬಂದರೆ: ತಪ್ಪು ಬೆಳಕಿನದೋ, ನೀರಿನದೋ, ಜೀನಿನದೋ?

ಪಕ್ಕದ ಮನೆ ಆಂಟಿ ಒಂದು ಬೆಳಿಗ್ಗೆ ಪ್ರೋಟ್ರೇ ಹಿಡಿದುಕೊಂಡೇ ನಮ್ಮ ಮೆಟ್ಟಿಲು ಹತ್ತಿ ಬಂದರು. 98 ಗುಳಿಯ ಟ್ರೇ. ಬಜ್ಜಿ ಮೆಣಸಿನಕಾಯಿ ಸಸಿ, ಬಿತ್ತಿ ಹದಿನೈದು ದಿನ ಆಗಿತ್ತು.

"ನೋಡಮ್ಮಾ, ಅಲ್ಲೊಂದು ಇಲ್ಲೊಂದು ಬೆಳ್ಳಗೆ ಬಂದಿದೆ. ಗೊಬ್ಬರ ಕಮ್ಮಿ ಆಯ್ತಾ?"

ಬಗ್ಗಿ ನೋಡಿದೆ. ಬೀಜದೆಲೆ ಎರಡೂ ಚೆನ್ನಾಗಿ ಬಿಡಿಸಿಕೊಂಡಿದ್ದವು. ಆದರೆ ಮೇಣದ ಹಾಗೆ ಬಿಳಿ. ಕಾಂಡದಲ್ಲಿ ಮಾತ್ರ ತುಸು ನೇರಳೆ ಇತ್ತು. ಪಕ್ಕದ ಗುಳಿಯ ಸಸಿ ಹಚ್ಚಗೆ, ಅದೇ ಕೋಕೋಪೀಟ್, ಅದೇ ನೀರು, ಅದೇ ಬಿಸಿಲು. ಆಂಟಿ ಆಗಲೇ ಎರಡು ಸಲ ಎರೆಗೊಬ್ಬರದ ನೀರು ಹಾಕಿ ಆಗಿತ್ತು.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಈ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಕೇಳುವವರು ವಿದ್ಯಾರ್ಥಿಗಳು, ಇಲ್ಲವೇ ತಾರಸಿ ತೋಟದವರು. ಎಲೆ ಹಸಿರಾಗದಿದ್ದರೆ ಎಲ್ಲರೂ ಮೊದಲು ಗೊಬ್ಬರದ ಡಬ್ಬಿ ತೆಗೆಯುತ್ತಾರೆ. ಅದಕ್ಕೇ ನಾನು ನೋಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಂಟಿಯ ಟ್ರೇಯನ್ನೇ ಜೊತೆಗೆ ಇಟ್ಟುಕೊಳ್ಳೋಣ.

ಹಸಿರು ಎಲ್ಲಿಂದ ಬರುತ್ತದೆ

ಬೀಜದೊಳಗಿನ ಕುಡಿಯಲ್ಲಿ ಕ್ಲೋರೋಪ್ಲಾಸ್ಟ್, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣ, ಇರುವುದಿಲ್ಲ. ಪ್ರೋಪ್ಲಾಸ್ಟಿಡ್ ಎನ್ನುವ ಚಿಕ್ಕ, ಬಣ್ಣವಿಲ್ಲದ ಕಣಗಳಿರುತ್ತವೆ. ಎಲೆ ಬೆಳೆದ ಹಾಗೆ ಅವೇ ದೊಡ್ಡದಾಗಿ, ಒಳಗೆ ಪದರ ಕಟ್ಟಿಕೊಂಡು, ಪತ್ರಹರಿತ್ತು ಎಂಬ ಹಸಿರು ಬಣ್ಣ ತುಂಬಿಕೊಂಡು ಕ್ಲೋರೋಪ್ಲಾಸ್ಟ್ ಆಗುತ್ತವೆ.

ಈ ಕೆಲಸಕ್ಕೆ ಬೇಕಾದ ಜೀನ್‌ಗಳು ಎರಡು ಕಡೆ ಹಂಚಿಹೋಗಿವೆ. ಕ್ಲೋರೋಪ್ಲಾಸ್ಟಿಗೆ ತನ್ನದೇ ಡಿಎನ್‌ಎ ಇದೆ. 1986ರಲ್ಲಿ ಜಪಾನಿನ ತಂಡಗಳು ತಂಬಾಕು ಮತ್ತು ಹಾವಸೆಯಂಥ ಚಿಕ್ಕ ಗಿಡ ಲಿವರ್‌ವರ್ಟ್‌ನ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು ಪೂರ್ತಿ ಓದಿದವು. ತಂಬಾಕಿನದು ಸುಮಾರು 1,56,000 ಅಕ್ಷರಗಳ ಉದ್ದ. ಅದರಲ್ಲಿರುವುದು ನೂರು ಚಿಲ್ಲರೆ ಜೀನ್ ಅಷ್ಟೇ. ಆದರೆ ಕ್ಲೋರೋಪ್ಲಾಸ್ಟಿಗೆ ಬೇಕಾದ ಪ್ರೋಟೀನುಗಳು ಸಾವಿರಗಟ್ಟಲೆ. ಮಿಕ್ಕಿದ್ದೆಲ್ಲ ಕೋಶಕೇಂದ್ರದ ಜೀನ್‌ಗಳಿಂದ ತಯಾರಾಗಿ, ಹೊರಗಿನಿಂದ ಒಳಗೆ ಸಾಗಿ ಬರಬೇಕು.

ರುಬಿಸ್ಕೋ ಕಿಣ್ವವನ್ನೇ ನೋಡಿ. ಗಾಳಿಯ ಇಂಗಾಲವನ್ನು ಹಿಡಿಯುವುದು ಇದೇ. ಇದರ ದೊಡ್ಡ ತುಂಡು ಕ್ಲೋರೋಪ್ಲಾಸ್ಟಿನೊಳಗೇ ತಯಾರಾಗುತ್ತದೆ. ಚಿಕ್ಕ ತುಂಡು ಹೊರಗಿನಿಂದ ಬರುತ್ತದೆ. ಎರಡೂ ಕೂಡಿದರೆ ಮಾತ್ರ ಕಿಣ್ವ. ಹಾಗಾಗಿ ಎರಡು ಕಡೆಯಲ್ಲಿ ಎಲ್ಲಿ ಕೆಟ್ಟರೂ ನಮ್ಮ ಕಣ್ಣಿಗೆ ಕಾಣುವುದು ಒಂದೇ: ಬಿಳಿಚಿದ ಎಲೆ. ಯಾವ ಕಡೆಯ ತಪ್ಪು ಅಂತ ಬೇರ್ಪಡಿಸುವುದೇ ಈ ಪತ್ತೆ ಕೆಲಸದ ತಿರುಳು. ಆದರೆ ಅದಕ್ಕೆ ಮೊದಲು ಜೀನಿಗೆ ಸಂಬಂಧವೇ ಇಲ್ಲದ ಕಾರಣಗಳನ್ನು ತೆಗೆದುಹಾಕಬೇಕು.

ಮೊದಲು ಬೆಳಕು

ಮದುವೆ ಮನೆಯಲ್ಲಿ ಅಂಕುರಾರ್ಪಣೆಗೆ ಬಿತ್ತಿದ ನವಧಾನ್ಯ ನೋಡಿದ್ದೀರಲ್ವಾ? ಮೂಲೆಯಲ್ಲಿ, ಬೆಳಕು ಕಾಣದ ಕಡೆ ಇಟ್ಟಿದ್ದರೆ ಮೊಳಕೆ ಹಳದಿಯಾಗಿ, ನೀಳವಾಗಿ, ಸೊರಗಿದಂತೆ ಎದ್ದಿರುತ್ತದೆ. ಅದು ರೋಗವಲ್ಲ. ಕತ್ತಲೆಯಲ್ಲಿ ಸಸಿ ಹಸಿರಿನ ಕೆಲಸವನ್ನು ಬೇಕಂತಲೇ ತಡೆಹಿಡಿದಿರುತ್ತದೆ. ಪಿಐಎಫ್ ಎನ್ನುವ ಪ್ರೋಟೀನುಗಳು ಹಸಿರಿನ ಜೀನ್‌ಗಳನ್ನು ಅದುಮಿ ಇಟ್ಟಿರುತ್ತವೆ. ಹಸಿರಿಗೆ ಚಾಲನೆ ಕೊಡಬೇಕಾದ ಎಚ್‌ವೈ5 ಪ್ರೋಟೀನನ್ನು ಸಿಒಪಿ1 ಎನ್ನುವುದು ಹುಟ್ಟಿದ ಹಾಗೇ ನಾಶಕ್ಕೆ ಕಳಿಸುತ್ತಿರುತ್ತದೆ. ಬೆಳಕು ಬಿದ್ದ ಕೂಡಲೇ ಅದನ್ನು ಗುರುತಿಸುವ ಫೈಟೋಕ್ರೋಮ್ ಎಂಬ ಪ್ರೋಟೀನು ಎಚ್ಚರಗೊಂಡು ಪಿಐಎಫ್‌ಗಳನ್ನು ತೆಗೆಸುತ್ತದೆ. ಸಿಒಪಿ1 ಹಿಂದೆ ಸರಿಯುತ್ತದೆ. ಎಚ್‌ವೈ5 ಉಳಿದುಕೊಳ್ಳುತ್ತದೆ.

ಇನ್ನೊಂದು ಬೀಗವೂ ಇದೆ. ಪತ್ರಹರಿತ್ತು ತಯಾರಾಗುವ ಕೊನೆಯ ಹಂತಗಳಲ್ಲಿ ಒಂದು ಕಿಣ್ವಕ್ಕೆ ಬೆಳಕೇ ಬೇಕು. ಬೆಳಕು ಇಲ್ಲದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ನಮ್ಮ ಮೆಣಸಿನಕಾಯಿ, ರಾಗಿ, ಅವರೆಯಂಥ ಹೂ ಬಿಡುವ ಗಿಡಗಳಿಗೆಲ್ಲ ಈ ಕಟ್ಟುಪಾಡಿದೆ. ಪೈನ್ ಮರದ ಸಸಿಗೆ ಇಲ್ಲ. ಅದರ ಹತ್ತಿರ ಬೆಳಕು ಬೇಡದ ಇನ್ನೊಂದು ಕಿಣ್ವ ಇರುವುದರಿಂದ ಅದು ಕತ್ತಲೆಯಲ್ಲೂ ಹಸಿರಾಗುತ್ತದೆ. ಮೊದಲ ಸಲ ಇದನ್ನು ಓದಿದಾಗ ನನಗೆ ನಂಬಲಾಗಿರಲಿಲ್ಲ.

ಪರೀಕ್ಷೆ ಸುಲಭ. ಸಸಿಯನ್ನು ನೇರ ಬಿಸಿಲಿಲ್ಲದ, ಚೆನ್ನಾಗಿ ಬೆಳಕಿರುವ ಕಿಟಕಿಯಲ್ಲಿ ಎರಡು ದಿನ ಇಡಿ. ಕತ್ತಲೆಯ ಸಸಿ ಆದರೆ ಕೆಲವೇ ಗಂಟೆಗಳಲ್ಲಿ ಹಸಿರು ಹತ್ತತೊಡಗುತ್ತದೆ. ಎರಡು ದಿನವಾದರೂ ಹಾಗೇ ಇದ್ದರೆ ಬೆಳಕಿನ ಮೇಲೆ ತಪ್ಪು ಹೊರಿಸಬೇಡಿ.

ಬಣ್ಣವನ್ನೂ ಗಮನಿಸಿ. ಕತ್ತಲೆಯ ಸಸಿ ಹಳದಿ, ಏಕೆಂದರೆ ಹಳದಿ ಬಣ್ಣದ ಕ್ಯಾರೊಟಿನಾಯ್ಡ್‌ಗಳು ಅದರಲ್ಲಿ ಇರುತ್ತವೆ. ಹಾಳೆಯ ಹಾಗೆ ಬಿಳಿ ಇದ್ದರೆ ಹಳದಿಯೂ ಇಲ್ಲ ಅಂತ ಅರ್ಥ. ಆಂಟಿಯ ಸಸಿಗಳು ಬಿಳಿ. ಇಡೀ ಟ್ರೇ ತಾರಸಿಯ ಬೆಳಕಿನಲ್ಲೇ ಇತ್ತು. ಬೆಳಕನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ನೀರು, ಕಬ್ಬಿಣ

ಬೆಂಗಳೂರಿನಲ್ಲಿ ಜಾಸ್ತಿ ಕಾಣುವ ತೊಂದರೆ ಇದೇ. ಕಾವೇರಿ ನೀರು ಸಾಲದೆ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಹಾಕುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿರುತ್ತದೆ. ಆ ಗಡಸು ನೀರು ತಿಂಗಳುಗಟ್ಟಲೆ ಬಿದ್ದರೆ ಮಣ್ಣು ಕ್ಷಾರವಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ದಾಸವಾಳ, ಗುಲಾಬಿಯ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುವುದು ಹೀಗೆ.

ಯಾವ ಎಲೆ ಮೊದಲು ಹಳದಿಯಾಯಿತು ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಕಬ್ಬಿಣವನ್ನು ಗಿಡ ಹಳೆ ಎಲೆಯಿಂದ ಹೊಸ ಎಲೆಗೆ ಸಾಗಿಸಲಾರದು, ಅದಕ್ಕೇ ಕುಡಿ ಮೊದಲು ಬಿಳಿಚುತ್ತದೆ. ಸಾರಜನಕ, ಮೆಗ್ನೀಸಿಯಮ್ ಸಾಗುತ್ತವೆ, ಅದಕ್ಕೇ ಕೆಳಗಿನ ಹಳೆ ಎಲೆ ಮೊದಲು ಸೋಲುತ್ತದೆ. ಪತ್ರಹರಿತ್ತಿನ ನಡುವೆ ಕೂತಿರುವ ಲೋಹ ಮೆಗ್ನೀಸಿಯಮ್. ಕಬ್ಬಿಣ ಅದರೊಳಗೆ ಇಲ್ಲ, ಆದರೆ ಅದನ್ನು ತಯಾರಿಸಲು ಬೇಕು.

ನಾನು ಮಾಡುವ ಪರೀಕ್ಷೆ ಹೀಗಿದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ. ಒಂದೇ ಒಂದು ಎಲೆ ಆರಿಸಿ. ನಡು ನರದ ಒಂದು ಮಗ್ಗುಲಿಗೆ ಮಾತ್ರ ಸಂಜೆ ಹೊತ್ತು ಬ್ರಷ್‌ನಿಂದ ಹಚ್ಚಿ. ಇನ್ನೊಂದು ಮಗ್ಗುಲು ಹಾಗೇ ಇರಲಿ. ಒಂದು ವಾರದಲ್ಲಿ ಹಚ್ಚಿದ ಮಗ್ಗುಲು ಹಸಿರಾಗಿ, ಇನ್ನೊಂದು ಹಳದಿಯಾಗೇ ಉಳಿದರೆ ಕಾಯಿಲೆ ಕಬ್ಬಿಣದ್ದೇ. ಎರಡೂ ಕಡೆ ಒಂದೇ ಥರ ಇದ್ದರೆ ಸುಮ್ನೆ ಇಡೀ ಗಿಡಕ್ಕೆ ಸಿಂಪಡಿಸಬೇಡಿ.

ಮೊಳೆತ ಸಸಿಯ ವಿಷಯದಲ್ಲಿ ಇಷ್ಟೂ ಬೇಕಿಲ್ಲ. ಬೀಜದೆಲೆಗೆ ಬೇಕಾದ ಕಬ್ಬಿಣ ಬೀಜದಲ್ಲೇ ಇರುತ್ತದೆ. ನೀರಿನ ತಪ್ಪಾಗಿದ್ದರೆ ಟ್ರೇಯ ಸಸಿಗಳೆಲ್ಲ ಸ್ವಲ್ಪ ಸ್ವಲ್ಪ ಬಿಳಿಚಬೇಕಿತ್ತು. ಒಂದು ಪೂರ್ತಿ ಹಸಿರು, ಪಕ್ಕದ್ದು ಪೂರ್ತಿ ಬಿಳಿ, ನಡುವೆ ಏನೂ ಇಲ್ಲ ಅಂದರೆ ನೋಟ ಜೀನ್ ಕಡೆ ತಿರುಗಬೇಕು.

ಬೆಂಡೆಯಲ್ಲಿ ನರಗಳೇ ಹಳದಿಯಾಗಿ ಬಲೆಯ ಹಾಗೆ ಕಂಡರೆ, ಎಲೆಯ ಅಡಿ ಬಿಳಿ ನೊಣ ಹಾರಿದರೆ ಅದು ವೈರಸ್. ಗಿಡ ಕಿತ್ತುಬಿಡಿ.

ಡಿಸೆಂಬರ್ ಚಳಿ

ಇಲ್ಲಿಂದ ಮುಂದೆ ಜೀನ್ ಮತ್ತು ಹವೆ ಎರಡೂ ಸೇರಿಕೊಳ್ಳುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೆಕ್ಕೆಜೋಳ, ಭತ್ತದ ಎಳೆ ಎಲೆಯ ಕ್ಲೋರೋಪ್ಲಾಸ್ಟಿಗೆ ಈ ಚಳಿ ಹಿಡಿಸುವುದಿಲ್ಲ. ಕೆಲವು ತಳಿಗಳಲ್ಲಿ ಒಂದು ಜೀನ್ ಅರ್ಧ ಕೆಟ್ಟಿರುತ್ತದೆ. ಬೆಚ್ಚಗಿದ್ದಾಗ ಹೇಗೋ ಸಾಗುತ್ತದೆ, ಚಳಿಯಲ್ಲಿ ಸಾಗುವುದಿಲ್ಲ. ಎಲೆ ಬಿಳಿಚಿ ಹುಟ್ಟಿ, ಆಮೇಲೆ ನಿಧಾನಕ್ಕೆ ಹಸಿರಾಗುತ್ತದೆ. ಇಂಥದ್ದಕ್ಕೆ ವೈರೆಸೆಂಟ್ ಎನ್ನುತ್ತಾರೆ. ಭತ್ತದಲ್ಲಿ ಇಂಥ ಹಲವು ಜೀನ್ ಗೊತ್ತಾಗಿವೆ. ಅವುಗಳಲ್ಲಿ ಒಂದು ಡಿಎನ್‌ಎಯ ಕಚ್ಚಾ ಸಾಮಾನು ತಯಾರಿಸುವ ಕಿಣ್ವದ್ದು. ಸಾಮಾನು ಕಮ್ಮಿ ಬಿದ್ದಾಗ ಕ್ಲೋರೋಪ್ಲಾಸ್ಟ್ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಲು ಆಗದೆ ಹಿಂದೆ ಬೀಳುತ್ತದೆ.

ಅದೇ ಬೀಜವನ್ನು ಏಪ್ರಿಲ್‌ನಲ್ಲಿ ಮತ್ತೆ ಬಿತ್ತಿ. ಹಸಿರಾಗಿ ಬಂದರೆ ವೈರೆಸೆಂಟ್ ಎಂದು ಹಿಡಿಯಬಹುದು. ಇಂಥ ಗಿಡ ಸಾಯುವುದಿಲ್ಲ, ಕಿತ್ತುಹಾಕಬೇಡಿ.

ಇನ್ನು ಎಣಿಸಿ

ಇದೊಂದೇ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಖರ್ಚಿಲ್ಲದ, ಅತಿ ಹೆಚ್ಚು ಮಾಹಿತಿ ಕೊಡುವ ಪರೀಕ್ಷೆಯೂ ಇದೇ.

ಆಂಟಿ, ನಾನು ಟ್ರೇ ಮುಂದೆ ಕೂತು ಎಣಿಸಿದೆವು. ಮೊಳೆತದ್ದು 92. ಬಿಳಿ 20, ಹಸಿರು 72.

"ಬೀಜ ಎಲ್ಲಿಂದ ಬಂತು ಆಂಟಿ?"

"ನಮ್ದೇ ಗಿಡದ್ದು ಕಣಮ್ಮಾ. ಒಂದೇ ಗಿಡ. ಹಚ್ಚಗೆ ಚೆನ್ನಾಗೇ ಇತ್ತಲ್ಲ ಅದು!"

ತಾಯಿ ಗಿಡ ಹಸಿರು, ಮಕ್ಕಳಲ್ಲಿ ನಾಲ್ಕಕ್ಕೊಂದು ಬಿಳಿ. ಮೆಂಡೆಲ್ ಬಟಾಣಿಯಲ್ಲಿ ಕಂಡ 3:1 ಲೆಕ್ಕ ಇದೇ. ಕೋಶಕೇಂದ್ರದ ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತವೆ. ತಾಯಿ ಗಿಡದಲ್ಲಿ ಒಂದು ಪ್ರತಿ ಕೆಟ್ಟಿತ್ತು, ಇನ್ನೊಂದು ಸರಿ ಇತ್ತು. ಸರಿಯಿದ್ದ ಒಂದೇ ಪ್ರತಿ ಕೆಲಸ ನಡೆಸಿದ್ದರಿಂದ ಎಲೆ ಹಸಿರು. ಮೆಣಸಿನ ಹೂವು ಹೆಚ್ಚಾಗಿ ತನ್ನ ಪರಾಗವನ್ನೇ ತಾನು ತೆಗೆದುಕೊಳ್ಳುತ್ತದೆ. ಹಾಗಾಗಿ ನಾಲ್ಕರಲ್ಲಿ ಒಂದು ಸಸಿಗೆ ಎರಡೂ ಕೆಟ್ಟ ಪ್ರತಿಗಳು ಹೋಗುತ್ತವೆ.

92ರಲ್ಲಿ ಕಾಲು ಭಾಗ 23 ಆಗಬೇಕು, ನಮಗೆ ಸಿಕ್ಕಿದ್ದು 20. ಈ ವ್ಯತ್ಯಾಸ ಆಕಸ್ಮಿಕವೇ ಅಂತ ನೋಡಲು ಕೈ-ಸ್ಕ್ವೇರ್ ಎಂಬ ಲೆಕ್ಕ ಹಾಕಿ. ಬಿಳಿಯಲ್ಲಿ ವ್ಯತ್ಯಾಸ 3, ಅದರ ವರ್ಗ 9, ಅದನ್ನು 23ರಿಂದ ಭಾಗಿಸಿದರೆ 0.39. ಹಸಿರಿನಲ್ಲಿ 9ನ್ನು 69ರಿಂದ ಭಾಗಿಸಿದರೆ 0.13. ಕೂಡಿದರೆ 0.52. ಇದು ಈ ಲೆಕ್ಕದ ಗಡಿಯಾದ 3.84 ದಾಟಿದ್ದರೆ ಮಾತ್ರ 3:1 ಲೆಕ್ಕವನ್ನು ಅನುಮಾನಿಸಬೇಕು. ಎಣಿಕೆ ಆದಷ್ಟು ಬೇಗ ಮಾಡಿ. ಬಿಳಿ ಸಸಿ ಬೀಜದ ಗಂಟು ಕರಗಿದ ಮೇಲೆ ಸಾಯುತ್ತದೆ. ತಡ ಮಾಡಿದರೆ ಬಿಳಿಯ ಸಂಖ್ಯೆ ಕಮ್ಮಿ ಕಂಡು ಲೆಕ್ಕ ತಪ್ಪುತ್ತದೆ.

ಲೆಕ್ಕ ಕೂಡದಿದ್ದರೆ ತಾಯಿಯನ್ನು ನೋಡಿ

ಕೆಲವೊಮ್ಮೆ 3:1 ಬರುವುದೇ ಇಲ್ಲ. ಒಂದು ಕಾಯಿಯ ಬೀಜವೆಲ್ಲ ಬಿಳಿ, ಅದೇ ಗಿಡದ ಇನ್ನೊಂದು ಕಾಯಿಯ ಬೀಜವೆಲ್ಲ ಹಸಿರು. ಆಗ ತಪ್ಪು ಕ್ಲೋರೋಪ್ಲಾಸ್ಟಿನ ಸ್ವಂತ ಡಿಎನ್‌ಎಯಲ್ಲಿ ಇರಬಹುದು.

ಇದನ್ನು ಮೊದಲು ತೋರಿಸಿದವರು ಜರ್ಮನಿಯ ಕಾರ್ಲ್ ಕೊರೆನ್ಸ್, 1909ರಲ್ಲಿ. ಅವರು ಆರಿಸಿಕೊಂಡ ಗಿಡ ನಮ್ಮ ಹಿತ್ತಿಲ ಸಂಜೆಮಲ್ಲಿಗೆ. ವೇರಿಗೇಟೆಡ್ ಸಂಜೆಮಲ್ಲಿಗೆಯ ಒಂದೇ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಎರಡೂ ಬೆರೆತ ಕೊಂಬೆ ಇರುತ್ತವೆ. ಬಿಳಿ ಕೊಂಬೆಯ ಹೂವಿಗೆ ಹಸಿರು ಕೊಂಬೆಯ ಪರಾಗ ಹಚ್ಚಿದರೂ ಸಸಿ ಬಿಳಿ. ಹಸಿರು ಕೊಂಬೆಯ ಹೂವಿಗೆ ಬಿಳಿಯ ಪರಾಗ ಹಚ್ಚಿದರೂ ಸಸಿ ಹಸಿರು. ಬೆರೆತ ಕೊಂಬೆಯಿಂದ ಮೂರೂ ಥರ. ಪರಾಗ ಯಾರದ್ದಾದರೂ ಆಗಲಿ, ಕ್ಲೋರೋಪ್ಲಾಸ್ಟ್ ಬರುವುದು ತಾಯಿಯ ಅಂಡಾಣುವಿನಿಂದ.

ಎಲ್ಲ ಗಿಡವೂ ಹೀಗಲ್ಲ. ಅದೇ ವರ್ಷ ಎರ್ವಿನ್ ಬೌರ್ ಪೆಲಾರ್ಗೋನಿಯಂನಲ್ಲಿ, ಅಂದರೆ ನರ್ಸರಿಯವರು ಜೆರೇನಿಯಂ ಎಂದು ಮಾರುವ ಗಿಡದಲ್ಲಿ, ತಂದೆಯ ಕಡೆಯಿಂದಲೂ ಬರುತ್ತದೆ ಎಂದು ತೋರಿಸಿದರು.

ಒಂದು ಮೋಸದ ಜಾಗವಿದೆ, ಅಲ್ಲಿ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುತ್ತಾರೆ. ಮೆಕ್ಕೆಜೋಳದಲ್ಲಿ ಐಯೋಜಾಪ್ ಎಂಬ ಜೀನ್ ಇದೆ. ಅದು ಇರುವುದು ಕೋಶಕೇಂದ್ರದಲ್ಲಿ. ಎರಡು ಪ್ರತಿಯೂ ಕೆಟ್ಟರೆ ಕ್ಲೋರೋಪ್ಲಾಸ್ಟ್ ಆಗಬೇಕಾದ ಕೆಲವು ಪ್ಲಾಸ್ಟಿಡ್‌ಗಳು ಪ್ರೋಟೀನು ತಯಾರಿಸುವ ತಮ್ಮ ಯಂತ್ರವಾದ ರೈಬೋಸೋಮ್ ಕಳೆದುಕೊಂಡು ಬಿಳಿಯಾಗುತ್ತವೆ. ಇಲ್ಲಿಯವರೆಗೆ ಮೆಂಡೆಲ್ ಲೆಕ್ಕವೇ. ಆದರೆ ಒಮ್ಮೆ ಹಾಗೆ ಕೆಟ್ಟ ಪ್ಲಾಸ್ಟಿಡ್ ಮತ್ತೆ ಸರಿಹೋಗುವುದಿಲ್ಲ. ಮುಂದಿನ ತಲೆಮಾರಿಗೆ ಒಳ್ಳೆಯ ಜೀನ್ ಬಂದರೂ ತಾಯಿಯಿಂದ ಬಂದ ಪ್ಲಾಸ್ಟಿಡ್ ಬಿಳಿಯಾಗೇ ಇರುತ್ತದೆ. ಮಾರ್ಕಸ್ ರೋಡ್ಸ್ ಇದನ್ನು 1943ರಲ್ಲಿ ಬಿಡಿಸಿದರು. ಹಾಗಾಗಿ ಒಂದೇ ತಲೆಮಾರು ನೋಡಿ ತೀರ್ಪು ಕೊಡಬೇಡಿ.

ಕಸಿ, ಕಟಿಂಗ್ ಗಿಡಗಳು

ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಬರುವ ದೂರು ಬೇರೆ ಥರದ್ದು. "ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ಕತ್ತರಿಸಿ ನೆಟ್ಟೆ, ಹೊಸ ಗಿಡಕ್ಕೆ ಅಂಚೇ ಇಲ್ಲ." ನೆಟ್ಟವರ ತಪ್ಪು ಏನೂ ಇಲ್ಲ. ಆ ಗಿಡದಲ್ಲಿ ಎರಡು ಥರದ ಜೀವಕೋಶಗಳು ಪದರ ಪದರವಾಗಿ ಕೂತಿವೆ. ಎಲೆ ತುಂಡಿನಿಂದ ಹೊಸ ಕುಡಿ ಹುಟ್ಟುವಾಗ ಒಳಗಿನ ಹಸಿರು ಕೋಶಗಳಿಂದ ಹುಟ್ಟುತ್ತದೆ, ಹಳದಿ ಪದರ ಕೈಬಿಟ್ಟುಹೋಗುತ್ತದೆ. ಅಂಚು ಬೇಕಿದ್ದರೆ ಬುಡದ ಮರಿಯನ್ನು ಗೆಡ್ಡೆ ಸಮೇತ ಬೇರ್ಪಡಿಸಿ ನೆಡಿ. ಎಲೆ ತುಂಡಿನ ಈ ಪ್ರಯೋಗ ಒಳ್ಳೆಯ ಪತ್ತೆ ಸಾಧನವೂ ಹೌದು: ಬಣ್ಣ ಕಳೆದುಹೋದರೆ ಗಿಡ ಪದರದ್ದು ಎಂದು ತಿಳಿಯುತ್ತದೆ.

ವೇರಿಗೇಟೆಡ್ ಗಿಡದಲ್ಲಿ ಪೂರ್ತಿ ಹಸಿರು ಕೊಂಬೆ ಬಂದರೆ ಬೇಗ ಕತ್ತರಿಸಿ. ಅದಕ್ಕೆ ಆಹಾರ ತಯಾರಿಸುವ ಶಕ್ತಿ ಜಾಸ್ತಿ, ಉಳಿದದ್ದನ್ನು ಹಿಂದೆ ಹಾಕಿಬಿಡುತ್ತದೆ.

ಸಾಯದ, ಆದರೆ ತಿಳಿ ಹಸಿರಿನ ಗಿಡ

ಇಡೀ ಗಿಡ ಸಮನಾಗಿ ತಿಳಿ ಹಸಿರಾಗಿದ್ದು, ಗೊಬ್ಬರಕ್ಕೂ ಬದಲಾಗದಿದ್ದರೆ ನನ್ನ ಅನುಮಾನ ಹೋಗುವುದು ಜಿಎಲ್‌ಕೆ ಜೀನ್‌ಗಳ ಮೇಲೆ. ಪದರಗಳನ್ನು ಕಟ್ಟುವ, ಬೆಳಕು ಹಿಡಿಯುವ ಪ್ರೋಟೀನುಗಳ ಜೀನ್‌ಗಳಿಗೆ ಇವು ಮೇಸ್ತ್ರಿ ಇದ್ದ ಹಾಗೆ. ಲ್ಯಾಬ್‌ಗಳಲ್ಲಿ ಪ್ರಯೋಗಕ್ಕೆ ಬೆಳೆಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇಂಥವು ಎರಡಿವೆ. ಒಂದು ಕೆಟ್ಟರೆ ಎಲೆಯಲ್ಲಿ ಗೊತ್ತೇ ಆಗುವುದಿಲ್ಲ. ಎರಡೂ ಕೆಟ್ಟರೆ ಬಿಳಿಚುತ್ತದೆ.

ಟೊಮ್ಯಾಟೊದಲ್ಲಿ ಇದನ್ನು ಬರೀ ಕಣ್ಣಲ್ಲಿ ನೋಡಬಹುದು. ಕೆಲವು ಹಳೆ ತಳಿಗಳ ಕಾಯಿಗೆ ತೊಟ್ಟಿನ ಸುತ್ತ ಕಡು ಹಸಿರು ಹೆಗಲಿರುತ್ತದೆ. ಅಂಗಡಿಯ ಬಹಳಷ್ಟು ಹಣ್ಣಿಗೆ ಅದಿಲ್ಲ, ಕಾಯಿಯಲ್ಲೂ ಒಂದೇ ಸಮ ತಿಳಿ ಹಸಿರು. ಕಾಯಿಯಲ್ಲಿ ಕೆಲಸ ಮಾಡುವ ಜಿಎಲ್‌ಕೆ2 ಕೆಟ್ಟಿರುವುದೇ ಕಾರಣ ಎಂದು 2012ರಲ್ಲಿ ಗೊತ್ತಾಯಿತು. ಎಲೆಯ ಕೆಲಸವನ್ನು ಜಿಎಲ್‌ಕೆ1 ನೋಡಿಕೊಳ್ಳುವುದರಿಂದ ಎಲೆ ಹಚ್ಚಗೇ ಇರುತ್ತದೆ. ಒಂದೇ ಸಮ ಹಣ್ಣಾಗಲಿ ಅಂತ ತಳಿಗಾರರು ಈ ಗುಣವನ್ನು ಆರಿಸಿಕೊಂಡು ಬಂದರು, ಹಣ್ಣಿನ ಸಿಹಿಯಲ್ಲಿ ಒಂದು ಪಾಲು ಅದರ ಜೊತೆಗೇ ಹೋಯಿತು. ನನಗೆ ಇದು ನಿಜವಾಗಿ ಬೇಸರದ ಸಂಗತಿ.

ಮನೆಯಲ್ಲೇ ಆಗುವ ಇನ್ನೆರಡು ಪರೀಕ್ಷೆ

ಬಿಳಿ ಸಸಿಯ ಎಲೆ, ಹಸಿರು ಸಸಿಯ ಎಲೆ ಬೇರೆ ಬೇರೆ ಚಿಕ್ಕ ಗಾಜಿನ ಸೀಸೆಗೆ ಹಾಕಿ, ಮುಳುಗುವಷ್ಟು ಸರ್ಜಿಕಲ್ ಸ್ಪಿರಿಟ್ ಹಾಕಿ. ಹತ್ತಿರ ಬೆಂಕಿ ಬೇಡ. ಒಂದು ರಾತ್ರಿ ಕತ್ತಲೆಯಲ್ಲಿ ಇಡಿ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದು ನೋಡಿ. ಹಸಿರು ಎಲೆಯ ದ್ರವ ರಕ್ತದ ಹಾಗೆ ಕೆಂಪಾಗಿ ಹೊಳೆಯುತ್ತದೆ. ಪತ್ರಹರಿತ್ತಿನ ಗುರುತು ಅದು. ಆಂಟಿಯ ಬಿಳಿ ಸಸಿಯ ಸೀಸೆಯಲ್ಲಿ ಹೊಳಪು ಚೂರೂ ಬರಲಿಲ್ಲ. ಹಸಿರು ಸೀಸೆ ನೋಡಿ ಆಂಟಿ "ಅಯ್ಯೋ, ಇದರೊಳಗೆ ಕೆಂಪು ಇತ್ತಾ!" ಎಂದು ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡರು.

ಎರಡನೆಯದು ನೆರಳಿನ ಪರೀಕ್ಷೆ. ಕೆಲವು ಬಿಳಿ ಸಸಿಗಳಲ್ಲಿ ಪತ್ರಹರಿತ್ತು ತಯಾರಾಗುತ್ತದೆ, ಆದರೆ ಬಿಸಿಲಿನಿಂದ ಅದನ್ನು ಕಾಯುವ ಕ್ಯಾರೊಟಿನಾಯ್ಡ್ ಇರುವುದಿಲ್ಲ. ಹಸಿರು ಹುಟ್ಟಿದ ಹಾಗೇ ಸುಟ್ಟುಹೋಗುತ್ತದೆ. ಒಂದೆರಡು ಬೀಜವನ್ನು ಬಿಳಿ ಬಟ್ಟೆಯ ಮೂರ್ನಾಲ್ಕು ಪದರದ ಕೆಳಗೆ, ಮಂದ ಬೆಳಕಿನಲ್ಲಿ ಮೊಳೆಸಿ. ಅಲ್ಲಿ ಹಸಿರು ಛಾಯೆ ಬಂದು, ಬಿಸಿಲಿಗೆ ತಂದಾಗ ಬಿಳಿಯಾದರೆ ತಪ್ಪು ಈ ಕಾವಲಿನ ಸಾಲಿನಲ್ಲಿದೆ. ಮಂದ ಬೆಳಕಿನಲ್ಲೂ ಬಿಳಿಯೇ ಇದ್ದರೆ ತಪ್ಪು ಇನ್ನೂ ಹಿಂದೆ ಇರುವ ಸಾಧ್ಯತೆ ಹೆಚ್ಚು: ಕ್ಲೋರೋಪ್ಲಾಸ್ಟಿನ ಜೀನ್ ಓದುವ ಯಂತ್ರದಲ್ಲಿ, ರೈಬೋಸೋಮ್‌ನಲ್ಲಿ, ಅಥವಾ ಹೊರಗಿನಿಂದ ಪ್ರೋಟೀನ್ ಒಳಗೆ ಬಿಡುವ ಬಾಗಿಲಿನಲ್ಲಿ. ಅಲ್ಲಿಂದ ಮುಂದೆ ಲ್ಯಾಬ್ ಬೇಕು. ಹೋಲಿಕೆಗೆ ಲ್ಯಾಬಿನಲ್ಲಿ ಸ್ಪೆಕ್ಟಿನೋಮೈಸಿನ್ ಹಾಕಿ ಆರೋಗ್ಯದ ಸಸಿಯನ್ನೇ ಬಿಳಿ ಮಾಡುತ್ತೇವೆ, ಆ ಔಷಧಿ ಕ್ಲೋರೋಪ್ಲಾಸ್ಟಿನ ರೈಬೋಸೋಮನ್ನು ನಿಲ್ಲಿಸುತ್ತದೆ.

ಆಂಟಿಯ ಬೀಜಕ್ಕೆ ಏನು ಮಾಡಿದೆವು

ಬಿಳಿ ಸಸಿಗಳನ್ನು ಉಳಿಸಲು ದಾರಿ ಇರಲಿಲ್ಲ. ಆದರೆ ತಳಿ ಉಳಿಸಬಹುದಿತ್ತು. ಉಳಿದ ಹಸಿರು ಸಸಿಗಳಲ್ಲಿ ಮೂರಕ್ಕೆ ಎರಡು ಒಳಗೊಳಗೇ ಕೆಟ್ಟ ಪ್ರತಿಯನ್ನು ಹೊತ್ತಿರುತ್ತವೆ, ಒಂದು ಮಾತ್ರ ಪೂರ್ತಿ ಚೊಕ್ಕಟ. ಹೊರಗಿನಿಂದ ನೋಡಿದರೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ.

ಏಳು ಹಸಿರು ಸಸಿಗಳನ್ನು ದೊಡ್ಡ ಕುಂಡಕ್ಕೆ ಹಾಕಿ, ಪ್ರತಿಯೊಂದಕ್ಕೂ ಬೇರೆ ಬಣ್ಣದ ದಾರ ಕಟ್ಟಿದೆವು. ಮೊಗ್ಗು ಬಂದಾಗ ಒಂದೊಂದು ಕೊಂಬೆಗೆ ತೆಳು ನೆಟ್ ಬಟ್ಟೆಯ ಚೀಲ ಹಾಕಿದೆವು, ಜೇನುಹುಳು ಪಕ್ಕದ ಗಿಡದ ಪರಾಗ ತರಬಾರದು ಅಂತ. ಚೀಲದೊಳಗಿನ ಕಾಯಿ ಕೆಂಪಾಗುವವರೆಗೆ ಬಿಟ್ಟು, ಬೀಜ ಬೇರೆ ಬೇರೆ ತೆಗೆದು, ಒಂದೊಂದು ಗಿಡದಿಂದ ಇಪ್ಪತ್ತು ಬೀಜ ಬಿತ್ತಿದೆವು. ಇಪ್ಪತ್ತು ಯಾಕೆ ಅಂದರೆ, ಕೆಟ್ಟ ಪ್ರತಿ ಹೊತ್ತ ಗಿಡದ ಹದಿನಾರು ಬೀಜ ಮೊಳೆತರೂ ಒಂದೂ ಬಿಳಿ ಬಾರದಿರುವ ಸಾಧ್ಯತೆ ನೂರಕ್ಕೆ ಒಂದು ಮಾತ್ರ. ಮೊಳೆಯದ ಬೀಜಕ್ಕೆ ನಾಲ್ಕು ಜಾಸ್ತಿ.

ಐದು ಗಿಡದ ಸಾಲಿನಲ್ಲಿ ಬಿಳಿ ಸಸಿ ಬಂತು. ನೀಲಿ ದಾರ, ಕುಂಕುಮದ ಬಣ್ಣದ ದಾರ, ಈ ಎರಡರಲ್ಲಿ ಒಂದೂ ಬರಲಿಲ್ಲ. ಆಂಟಿ ಆ ಎರಡರ ಬೀಜವನ್ನು ನೆರಳಲ್ಲಿ ಒಣಗಿಸಿ, ಎರಡು ಕಾಗದದ ಪೊಟ್ಟಣ ಕಟ್ಟಿ, ಒಂದರ ಮೇಲೆ ನೀಲಿ, ಇನ್ನೊಂದರ ಮೇಲೆ ಕೆಂಪು ಅಂತ ಬರೆದು, ಕೆಂಪಿನದ್ದನ್ನು ನನಗೆ ಕೊಟ್ಟರು.